ಜುಲೈ ಮುಗಿಯುವ ಮುನ್ನ ಯಾರನ್ನು ತರಬೇಕು? – ಬೇಸ್‌ಬಾಲ್ ಪ್ರಶ್ನೋತ್ತರ

ಜುಲೈ ಬಂತೆಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು: ಟ್ರೇಡ್, ಅಂದರೆ ಕ್ಲಬ್‌ಗಳ ನಡುವೆ ಆಟಗಾರರ ವಿನಿಮಯ. ಅದರ ಗಡುವು ಜುಲೈ ಕೊನೆಯ ಹೊತ್ತಿಗೆ. ಅಲ್ಲಿ ನೆಲೆಸಿರುವ ಕನ್ನಡಿಗರಿಂದಲೂ, ಇಲ್ಲೇ ಇದ್ದು ಬೆಳಗಿನ ಜಾವ ಎದ್ದು ಪಂದ್ಯ ನೋಡುವವರಿಂದಲೂ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಂಡ ವೈಲ್ಡ್ ಕಾರ್ಡ್ (ಡಿವಿಷನ್ ಗೆಲ್ಲದವರಿಗೆ ಸಿಗುವ ಪ್ಲೇಆಫ್) ಸ್ಥಾನಕ್ಕೆ ಮೂರು ಪಂದ್ಯ ಹಿಂದಿದೆ. ಗೆಳೆಯರೆಲ್ಲ ಒಬ್ಬ ದೊಡ್ಡ ಹೋಮ್ ರನ್ ಬ್ಯಾಟರ್ ಬರಲಿ ಅನ್ನುತ್ತಾರೆ. ನನಗೇನೋ ಬುಲ್‌ಪೆನ್ (ಪಂದ್ಯದ ನಡುವೆ ಬರುವ ಪಿಚರ್‌ಗಳು) ಸರಿಯಿಲ್ಲ ಅನ್ನಿಸುತ್ತದೆ. ಮೊದಲು ಏನು ನೋಡಬೇಕು? (ಸ್ಯಾನ್ ಹೊಸೆ)

ಉತ್ತರ: ಹೆಸರು ಹುಡುಕುವ ಮೊದಲು ತಂಡ ಎಲ್ಲಿ ಸೋರುತ್ತಿದೆ ಎಂದು ನೋಡಿ. ಸೀಸನ್‌ನಲ್ಲಿ 162 ಪಂದ್ಯ. ಜುಲೈ ಕೊನೆಯ ಹೊತ್ತಿಗೆ ಸುಮಾರು 108 ಮುಗಿದಿರುತ್ತವೆ, ಉಳಿಯುವುದು ಮೂರನೇ ಒಂದು ಪಾಲು. ಸಾಧಾರಣ ಬದಲಿ ಆಟಗಾರನಿಗಿಂತ ಇಡೀ ಸೀಸನ್‌ನಲ್ಲಿ 6 ಗೆಲುವು ಹೆಚ್ಚು ತರುವವನು ದೊಡ್ಡ ತಾರೆ. ಅವನನ್ನೇ ತಂದರೂ ಉಳಿದ 54 ಪಂದ್ಯಗಳಲ್ಲಿ ಅವನಿಂದ ಸಿಗುವುದು ಸುಮಾರು 2 ಗೆಲುವು. ಆರು ಪಂದ್ಯ ಹಿಂದಿರುವ ತಂಡವನ್ನು ಯಾವ ತಾರೆಯೂ ಒಬ್ಬನೇ ಎತ್ತಿ ನಿಲ್ಲಿಸಲಾರ. ಮೂರು ಪಂದ್ಯದ ಅಂತರವನ್ನು ಎರಡು ಮೂರು ತೂತು ಮುಚ್ಚಿಯೇ ದಾಟಬಹುದು.

ತೂತು ಹುಡುಕುವುದು ಹೀಗೆ. ಮೊದಲಿಗೆ ತಂಡ ಹೊಡೆದ ರನ್‌ಗಳಿಂದ ಬಿಟ್ಟುಕೊಟ್ಟ ರನ್‌ಗಳನ್ನು ಕಳೆಯಿರಿ. ಆಡಿದ್ದರಲ್ಲಿ ಅರ್ಧ ಗೆಲುವು, ಅದರ ಮೇಲೆ ಸುಮಾರು 10 ರನ್‌ಗೆ ಒಂದು ಗೆಲುವು ಎಂಬುದು ಹಳೆಯ, ಇಂದಿಗೂ ನಂಬಬಹುದಾದ ಲೆಕ್ಕ. ಆ ಲೆಕ್ಕದ ಪ್ರಕಾರ ಬರಬೇಕಾದ್ದಕ್ಕಿಂತ ಗೆಲುವು ಕಡಿಮೆಯಿದ್ದರೆ ಒಂದು ರನ್ನಿನಿಂದ ಸೋತ ಪಂದ್ಯಗಳನ್ನು ತೆಗೆದು ನೋಡಿ. ಏಳನೇ ಇನಿಂಗ್ಸ್‌ನ ನಂತರ ಮುನ್ನಡೆ ಕೈಬಿಟ್ಟ ಪಂದ್ಯಗಳು ಅದರಲ್ಲಿ ಹೆಚ್ಚಿದ್ದರೆ ನಿಮ್ಮ ಗುಮಾನಿಯೇ ಸರಿ, ಬೇಕಿರುವುದು ಬುಲ್‌ಪೆನ್‌ನ ಪಿಚರ್, ಅಂದರೆ ರಿಲೀವರ್. ಅದು ಬರೀ ದುರದೃಷ್ಟವೂ ಆಗಿರಬಹುದು, ಆದ್ದರಿಂದ ಆ ರಿಲೀವರ್‌ಗಳ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮತ್ತು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಸಂಖ್ಯೆಗಳನ್ನೂ ನೋಡಿ. ಸ್ಟ್ರೈಕ್‌ಔಟ್ ಚೆನ್ನಾಗಿದ್ದು ವಾಕ್ ಕಡಿಮೆಯಿದ್ದರೆ ಅವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ಆಮೇಲೆ ಪ್ರತಿ ಫೀಲ್ಡಿಂಗ್ ಸ್ಥಾನದಲ್ಲಿ ಆಡಿದವರೆಲ್ಲರ ಒಟ್ಟು ಓಪಿಎಸ್ (ಬೇಸ್ ತಲುಪುವ ದರ ಮತ್ತು ಹೊಡೆತದ ಬಲದ ದರ ಕೂಡಿದ ಅಂಕಿ) ನೋಡಿ. ಈಚಿನ ವರ್ಷಗಳಲ್ಲಿ ಲೀಗ್ ಸರಾಸರಿ .700ರಿಂದ .740ರ ನಡುವೆ ಇದೆ. ಶಾರ್ಟ್‌ಸ್ಟಾಪ್ ಅಥವಾ ಕ್ಯಾಚರ್ .650 ಹೊಡೆದರೆ ಅವನ ಫೀಲ್ಡಿಂಗ್ ನೋಡಿ ಸಹಿಸಿಕೊಳ್ಳಬಹುದು. ಎಡ ಔಟ್‌ಫೀಲ್ಡ್‌ನಲ್ಲೋ ಮೊದಲ ಬೇಸ್‌ನಲ್ಲೋ .620 ಇದ್ದರೆ ಅದೇ ನಿಮ್ಮ ತೂತು. ಅಲ್ಲಿಗೆ .760ರ ಸಾಮಾನ್ಯ ಬ್ಯಾಟರ್ ಬಂದರೂ ಸಾಕು, ಬೆಲೆಯೂ ಕಡಿಮೆ. ಎಡಗೈ ಪಿಚರ್‌ಗಳ ಎದುರು ಮಾತ್ರ ತಂಡ ಸೋಲುತ್ತಿದ್ದರೆ ಪೂರ್ಣಾವಧಿ ಆಟಗಾರನೂ ಬೇಡ, ಎಡಗೈಯವರನ್ನು ಚೆನ್ನಾಗಿ ಹೊಡೆಯುವ ಬಲಗೈ ಬ್ಯಾಟರ್ ಒಬ್ಬ ಸಾಕು.

2021ರ ಅಟ್ಲಾಂಟಾ ಬ್ರೇವ್ಸ್ ಇದಕ್ಕೆ ಪಾಠದಂತಿದೆ. ಜುಲೈ 10ರಂದು ತಂಡದ ತಾರೆ ರೊನಾಲ್ಡ್ ಅಕುನ್ಯಾ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಅವನಿಗೆ ಸಮನಾದವನನ್ನು ಹುಡುಕುತ್ತಾ ಕೂರದೆ ಕ್ಲಬ್‌ನವರು ಜಾಕ್ ಪೀಡರ್ಸನ್, ಆಡಮ್ ಡುವಾಲ್, ಎಡ್ಡಿ ರೊಸಾರಿಯೊ, ಹೋರ್ಹೆ ಸೊಲೇರ್ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನು ಅಗ್ಗದಲ್ಲಿ ತಂದರು. ರೊಸಾರಿಯೊಗೆ ಬದಲಾಗಿ ಕ್ಲೀವ್‌ಲ್ಯಾಂಡ್‌ಗೆ ಹೋದ ಪಾಬ್ಲೊ ಸ್ಯಾಂಡೊವಾಲ್‌ನನ್ನು ಆ ಕ್ಲಬ್ ಕೂಡಲೇ ಬಿಡುಗಡೆ ಮಾಡಿತು. ಅಂದರೆ ಬೆಲೆ ಅಷ್ಟೇ. 88 ಗೆಲುವಿನೊಂದಿಗೆ ಪ್ಲೇಆಫ್ ಸೇರಿದ ಬ್ರೇವ್ಸ್ ವರ್ಲ್ಡ್ ಸೀರೀಸ್ (ನ್ಯಾಷನಲ್ ಮತ್ತು ಅಮೆರಿಕನ್ ಲೀಗ್ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದಿತು. ನ್ಯಾಷನಲ್ ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರ ರೊಸಾರಿಯೊ, ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಸೊಲೇರ್.

ಪ್ರಶ್ನೆ: 2023ರಲ್ಲಿ ನಮ್ಮ ಆರ್‌ಸಿಬಿ ಮುಂಬೈಗೆ ಹಣ ಕೊಟ್ಟು ಕ್ಯಾಮರಾನ್ ಗ್ರೀನ್‌ನನ್ನು ಪಡೆಯಿತು. ಬೇಸ್‌ಬಾಲ್‌ನವರ ಬಳಿ ಅಷ್ಟು ದುಡ್ಡಿದ್ದೂ ಎಳೆಯ ಹುಡುಗರನ್ನೇ ಯಾಕೆ ಕೊಡುತ್ತಾರೆ? (ಮೈಸೂರು)

ಉತ್ತರ: ಅಲ್ಲಿ ದುಡ್ಡಿಗಿಂತ ದುರ್ಲಭವಾದದ್ದು ಕಡಿಮೆ ಸಂಬಳಕ್ಕೆ ಆಡುವ ಒಳ್ಳೆಯ ಆಟಗಾರ. ಮೇಜರ್ ಲೀಗ್ ರೋಸ್ಟರ್‌ನಲ್ಲಿ (ತಂಡದ ಪಟ್ಟಿಯಲ್ಲಿ) 172 ದಿನ ಇದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಅಂಥ ಆರು ವರ್ಷ ತುಂಬುವವರೆಗೆ ಆಟಗಾರ ಕ್ಲಬ್‌ನ ಹಿಡಿತದಲ್ಲಿ ಇರುತ್ತಾನೆ. ಮೊದಲ ಮೂರು ವರ್ಷ ಬಹುತೇಕರಿಗೆ ಕನಿಷ್ಠ ಸಂಬಳ (2025ರಲ್ಲಿ 7.6 ಲಕ್ಷ ಡಾಲರ್) ಅಥವಾ ಅದಕ್ಕಿಂತ ತುಸು ಹೆಚ್ಚು. ನಂತರದ ಮೂರು ವರ್ಷ ಸಂಬಳದ ತಕರಾರು ಮಧ್ಯಸ್ಥಿಕೆಗೆ ಹೋಗಬಹುದು. ಮುಕ್ತ ಮಾರುಕಟ್ಟೆಯಲ್ಲಿ ಎರಡು ಕೋಟಿ ಡಾಲರ್ ಕೇಳುವಂಥ ಆಟವನ್ನು ಕನಿಷ್ಠ ಸಂಬಳಕ್ಕೆ ಆಡಬಲ್ಲ ಹುಡುಗನಿದ್ದರೆ ಅವನೇ ಕ್ಲಬ್‌ನ ಚಿನ್ನ. ಮಾರುವವರು ಕೇಳುವುದೂ ಅವನನ್ನೇ.

ಹಣದ ಪಾತ್ರ ಬೇರೆ ಕಡೆ ಇದೆ. ತಮ್ಮ ಆಟಗಾರನ ಉಳಿದ ಸಂಬಳವನ್ನು ತಾವೇ ಹೊತ್ತುಕೊಂಡರೆ ಮಾರುವವರಿಗೆ ಬದಲಿಗೆ ಒಳ್ಳೆಯ ಪ್ರಾಸ್ಪೆಕ್ಟ್ (ಭರವಸೆಯ ಎಳೆಯ ಆಟಗಾರ) ಸಿಗುತ್ತಾನೆ. 2023ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹಿರಿಯ ಪಿಚರ್ ಮ್ಯಾಕ್ಸ್ ಶೆರ್ಜರ್‌ನನ್ನು ಟೆಕ್ಸಸ್ ರೇಂಜರ್ಸ್‌ಗೆ ಕಳಿಸುವಾಗ ಸುಮಾರು 3.5 ಕೋಟಿ ಡಾಲರ್ ಸಂಬಳ ತಾನೇ ಕಟ್ಟಿ ಪ್ರಾಸ್ಪೆಕ್ಟ್ ಲೂಯಿಸಾಂಹೆಲ್ ಅಕುನ್ಯಾನನ್ನು ಪಡೆಯಿತು. ಹಣ ಕೊಟ್ಟು ಪ್ರತಿಭೆಯನ್ನು ಕೊಂಡದ್ದು ಅಂದರೆ ಇದೇ. ಕೊಳ್ಳುವ ಕ್ಲಬ್‌ಗೆ ತೆರಿಗೆಯ ಚಿಂತೆಯೂ ಉಂಟು: 2025ರಲ್ಲಿ ಒಟ್ಟು ಸಂಬಳ 24.1 ಕೋಟಿ ಡಾಲರ್ ದಾಟಿದರೆ ಮೀರಿದ ಮೊತ್ತದ ಮೇಲೆ ಮೊದಲ ಸಲ 20, ಸತತ ಎರಡನೇ ವರ್ಷ 30, ಮೂರನೇ ವರ್ಷದಿಂದ 50 ಶೇಕಡಾ ದಂಡ.

‘ಮುಂದಿನ ವರ್ಷದ ಡ್ರಾಫ್ಟ್ ಸರದಿ ಕೊಡಲಿ’ ಎಂಬ ಸಲಹೆ ಬ್ಯಾಸ್ಕೆಟ್‌ಬಾಲ್ ನೋಡುವವರಿಂದ ಬರುತ್ತದೆ. ಡ್ರಾಫ್ಟ್ ಎಂದರೆ ಹೊಸ ಹುಡುಗರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವುದು. ಬೇಸ್‌ಬಾಲ್‌ನಲ್ಲಿ ಸಾಮಾನ್ಯ ಡ್ರಾಫ್ಟ್ ಸರದಿಯನ್ನು ಟ್ರೇಡ್ ಮಾಡುವಂತಿಲ್ಲ. ಸಣ್ಣ ಊರಿನ, ಸಣ್ಣ ಆದಾಯದ ಕ್ಲಬ್‌ಗಳಿಗೆ ಸಿಗುವ ಕೆಲವು ಹೆಚ್ಚುವರಿ ಸರದಿಗಳಿಗೆ ಮಾತ್ರ ಆ ಅವಕಾಶ. ಈ ಜುಲೈನಲ್ಲಿ ಆರಿಸಿದ ಹುಡುಗನನ್ನೂ ವರ್ಲ್ಡ್ ಸೀರೀಸ್ ಮುಗಿಯುವವರೆಗೆ ಕೊಡುವಂತಿಲ್ಲ.

ಪ್ರಶ್ನೆ: ಎರಡೇ ತಿಂಗಳು ಆಡಿ ಹೋಗುವ ‘ರೆಂಟಲ್’ ಆಟಗಾರನಿಗೆ ದೊಡ್ಡ ಪ್ರಾಸ್ಪೆಕ್ಟ್ ಕೊಡುವುದು ಯಾವಾಗ ಸರಿ? (ಹೂಸ್ಟನ್)

ಉತ್ತರ: ಪ್ಲೇಆಫ್ ಬಹುತೇಕ ಖಚಿತವಾಗಿದ್ದು, ಒಂದೇ ಕೊರತೆ ಎದ್ದು ಕಾಣುತ್ತಿದ್ದಾಗ ಮಾತ್ರ. 2016ರ ಶಿಕಾಗೊ ಕಬ್ಸ್ ಹಾಗಿತ್ತು. 1908ರಿಂದ ಕಪ್ ಇರಲಿಲ್ಲ, ಆ ವರ್ಷ ತಂಡ ಎಲ್ಲ ಕಡೆ ಗಟ್ಟಿ, ಕೊನೆಯ ಇನಿಂಗ್ಸ್ ಒಂದನ್ನು ಬಿಟ್ಟು. ಯಾಂಕೀಸ್‌ನಿಂದ ಕೊನೆಯ ಇನಿಂಗ್ಸ್‌ನ ಪಿಚರ್ ಅರೋಲ್ಡಿಸ್ ಚಾಪ್ಮನ್‌ನನ್ನು ತರಲು ಗ್ಲೇಬರ್ ಟೋರೆಸ್ ಸೇರಿ ನಾಲ್ವರನ್ನು ಕೊಟ್ಟರು. ಟೋರೆಸ್ 2018, 2019ರಲ್ಲಿ ಯಾಂಕೀಸ್ ಪರ ಆಲ್‌ಸ್ಟಾರ್ (ಲೀಗ್‌ನ ಶ್ರೇಷ್ಠರ ತಂಡಕ್ಕೆ ಆಯ್ಕೆ) ಆದ, ಚಾಪ್ಮನ್ ಆ ಚಳಿಗಾಲದಲ್ಲೇ ಯಾಂಕೀಸ್‌ಗೆ ಮರಳಿದ. ಆದರೂ ಕಪ್ ಬಂತು. ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಚಾಪ್ಮನ್ ಒಬ್ಬನೇ ಕೊನೆಯ ಎಂಟು ಔಟ್ ತೆಗೆದ. ಆ ಬೆಲೆ ಸರಿಯೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಎದುರು 1987ರ ಡೆಟ್ರಾಯಿಟ್ ಟೈಗರ್ಸ್. ಆಗಸ್ಟ್‌ನಲ್ಲಿ 36 ವರ್ಷದ ಪಿಚರ್ ಡಾಯ್ಲ್ ಅಲೆಕ್ಸಾಂಡರ್ ಬಂದ, 9 ಗೆದ್ದು ಒಂದನ್ನೂ ಸೋಲಲಿಲ್ಲ, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) 1.53. ತಂಡ ಡಿವಿಷನ್ ಗೆದ್ದಿತು. ಪ್ಲೇಆಫ್‌ನಲ್ಲಿ ಅವನು ಎರಡೂ ಪಂದ್ಯ ಸೋತ, ಟೈಗರ್ಸ್ ಮಿನೆಸೊಟಾಗೆ ಮಣಿಯಿತು. ಬದಲಿಗೆ ಅಟ್ಲಾಂಟಾಗೆ ಹೋದ ಮೈನರ್ ಲೀಗ್ (ಕೆಳಹಂತದ ಲೀಗ್) ಹುಡುಗ ಜಾನ್ ಸ್ಮೋಲ್ಟ್ಸ್. 213 ಗೆಲುವು, 154 ಸೇವ್ (ಮುನ್ನಡೆ ಉಳಿಸಿ ಮುಗಿಸಿದ ಪಂದ್ಯ), 2015ರಲ್ಲಿ ಹಾಲ್ ಆಫ್ ಫೇಮ್. ಅಲೆಕ್ಸಾಂಡರ್ ತಂಡಕ್ಕೆ ಬೇಕಾದ್ದನ್ನು ಅಕ್ಷರಶಃ ಮಾಡಿದ. ಇಷ್ಟಾದರೂ ಇಂದಿಗೂ ಡೆಟ್ರಾಯಿಟ್‌ನವರು ಸ್ಮೋಲ್ಟ್ಸ್ ಹೆಸರು ಕೇಳಿದರೆ ನೊಂದುಕೊಳ್ಳುವುದು ಏಕೆಂದು ಅರ್ಥವಾಗುತ್ತದೆ.

ಹಿಡಿತದ ವರ್ಷಗಳು ಹೆಚ್ಚಿದ್ದರೆ ಲೆಕ್ಕವೇ ಬದಲಾಗುತ್ತದೆ. 2022ರ ಆಗಸ್ಟ್ 2ರಂದು ಸ್ಯಾನ್ ಡಿಯಾಗೊ ಪಾದ್ರೆಸ್ ತಾರಾ ಬ್ಯಾಟರ್ ಹ್ವಾನ್ ಸೊಟೊನನ್ನು ತಂದಾಗ ಅವನ ಮೇಲೆ ಎರಡೂವರೆ ಸೀಸನ್‌ನ ಹಿಡಿತ ಉಳಿದಿತ್ತು. ವಾಷಿಂಗ್ಟನ್‌ಗೆ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮುಂತಾದವರು ಹೋದರು, ಆ ಮೂವರೂ ಮುಂದೆ ಆಲ್‌ಸ್ಟಾರ್ ಆದರು. ಬೆಲೆ ಭಾರಿಯೇ. ಆದರೆ ಒಂದು ವರ್ಷ ಹಿಡಿತ ಉಳಿದಿರುವಾಗಲೇ ಪಾದ್ರೆಸ್ ಅವನನ್ನು ಯಾಂಕೀಸ್‌ಗೆ ಕೊಟ್ಟು ಮೈಕೆಲ್ ಕಿಂಗ್ ಮತ್ತಿತರ ಪಿಚರ್‌ಗಳನ್ನು ಪಡೆಯಿತು. ರೆಂಟಲ್ ಆಟಗಾರನಲ್ಲಿ ಈ ಮರುಮಾರಾಟದ ಮೌಲ್ಯ ಸೊನ್ನೆ. ಮೇಲಾಗಿ, ಸೀಸನ್ ನಡುವೆ ಟ್ರೇಡ್ ಆದವನಿಗೆ ಹೊಸ ಕ್ಲಬ್ ಕ್ವಾಲಿಫೈಯಿಂಗ್ ಆಫರ್ (ಹೋಗಲಿರುವವನಿಗೆ ಒಂದು ವರ್ಷದ ಒಪ್ಪಂದದ ಆಹ್ವಾನ) ಕೊಡುವಂತಿಲ್ಲ, ಅವನು ಬಿಟ್ಟುಹೋದರೆ ಪರಿಹಾರದ ಡ್ರಾಫ್ಟ್ ಸರದಿಯೂ ಸಿಗದು.

ಅಕ್ಟೋಬರ್‌ಗೆಂದು ಸ್ಟಾರ್ಟರ್ (ಪಂದ್ಯ ಆರಂಭಿಸುವ ಪಿಚರ್; ಸೀಸನ್‌ನಲ್ಲಿ ಸಾಮಾನ್ಯವಾಗಿ ಐವರು) ತರುವವರು ಇನ್ನೊಂದು ವಿಷಯ ಗಮನಿಸಬೇಕು. ಪ್ಲೇಆಫ್‌ನಲ್ಲಿ ವಿರಾಮದ ದಿನಗಳಿರುವುದರಿಂದ ನಾಲ್ಕು, ಕೆಲವೊಮ್ಮೆ ಮೂರೇ ಸ್ಟಾರ್ಟರ್ ಸಾಕಾಗುತ್ತಾರೆ. ಆದ್ದರಿಂದ ಐದನೆಯವನನ್ನು ದುಬಾರಿ ಬೆಲೆಗೆ ತರುವುದು ಆಗಸ್ಟ್, ಸೆಪ್ಟೆಂಬರ್ ದಾಟಲು ಮಾತ್ರ. ರಿಲೀವರ್ ಆದರೆ, 2020ರಿಂದ ಬಂದ ನಿಯಮದಂತೆ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಪಿಚ್ ಮಾಡಬೇಕು ಇಲ್ಲವೇ ಇನಿಂಗ್ಸ್ ಮುಗಿಸಬೇಕು. ಎಡಗೈ ಬ್ಯಾಟರ್‌ಗಳಿಗೆ ಮಾತ್ರ ಉಪಯೋಗವಾಗುವ ಎಡಗೈ ಪಿಚರ್‌ಗೆ ಹಿಂದಿನ ಬೆಲೆ ಈಗಿಲ್ಲ.

ಪ್ರಶ್ನೆ: ಒಬ್ಬನನ್ನು ಕೊಟ್ಟು ಮೂವರನ್ನು ತನ್ನಿ ಎಂದು ನಾನು ಹೇಳಿದರೆ ‘ಜಾಗ ಎಲ್ಲಿ’ ಎಂದು ಎಲ್ಲರೂ ಬಾಯಿ ಮುಚ್ಚಿಸುತ್ತಾರೆ. ಜಾಗದ ಲೆಕ್ಕ ಹೇಗೆ? (ಡಲ್ಲಾಸ್)

ಉತ್ತರ: ಎರಡು ಪಟ್ಟಿಗಳಿವೆ. ಆಡುವ ಪಟ್ಟಿಯಲ್ಲಿ 26 ಮಂದಿ, ಅದರಲ್ಲಿ ಪಿಚರ್‌ಗಳು 13 ಮೀರಬಾರದು. ಸೆಪ್ಟೆಂಬರ್ 1ರಿಂದ 28 ಮತ್ತು 14. ಇದರ ಹಿಂದೆ 40 ಮಂದಿಯ ಪಟ್ಟಿ. ಬರುವವರು 40ರಲ್ಲಿ ಇರುವವರಾದರೆ ಅಷ್ಟೇ ಜಾಗ ತೆರವಾಗಬೇಕು. ಹೊಸ ರಿಲೀವರ್ ಬಂದ ಎನ್ನಿ: ಈಗಿರುವ ಪಿಚರ್‌ಗಳಲ್ಲಿ ‘ಆಪ್ಷನ್’ ಉಳಿದವನಿದ್ದರೆ ಅವನನ್ನು ಮೈನರ್ ಲೀಗ್‌ಗೆ ಕಳಿಸಬಹುದು, ಅವನು 40ರಲ್ಲೇ ಉಳಿಯುತ್ತಾನೆ. ಒಬ್ಬನಿಗೆ ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷ, ಒಂದು ಸೀಸನ್‌ನಲ್ಲಿ ಐದು ಸಲ ಮಾತ್ರ ಕೆಳಗೆ ಕಳಿಸಬಹುದು. ಆಪ್ಷನ್ ಮುಗಿದಿದ್ದರೆ ಅವನನ್ನು ‘ಡೆಸಿಗ್ನೇಟ್’ ಮಾಡಿ 40ರಿಂದ ತೆಗೆಯಬೇಕು. ಆಗ ಏಳು ದಿನದೊಳಗೆ ಟ್ರೇಡ್, ವೇವರ್ (ಬೇರೆ ಕ್ಲಬ್‌ಗಳಿಗೆ ಎತ್ತಿಕೊಳ್ಳುವ ಅವಕಾಶ) ಅಥವಾ ಬಿಡುಗಡೆ. ವೇವರ್‌ನಲ್ಲಿ ಎದುರಾಳಿಗಳು ಬದಲಿಗೆ ಯಾರನ್ನೂ ಕೊಡದೆ ಎತ್ತಿಕೊಳ್ಳುವುದು ಸಾಮಾನ್ಯ. ಮೂವರನ್ನು ತಂದು ಒಬ್ಬನನ್ನು ಕೊಟ್ಟರೆ ನಿಜವಾದ ಬೆಲೆ ಕೊಟ್ಟ ಒಬ್ಬ ಮತ್ತು ಹೀಗೆ ಕೈತಪ್ಪುವ ಇಬ್ಬರು. 40ರಲ್ಲಿ ಇಲ್ಲದ ಎಳೆಯ ಪ್ರಾಸ್ಪೆಕ್ಟ್‌ಗಳನ್ನೇ ಮಾರುವವರು ಕೇಳುವುದಕ್ಕೆ ಇದೂ ಒಂದು ಕಾರಣ.

ಹತ್ತು ವರ್ಷ ಸೇವೆಯಾಗಿ ಕೊನೆಯ ಐದು ವರ್ಷ ಅದೇ ಕ್ಲಬ್‌ನಲ್ಲಿ ಇದ್ದವನು ಟ್ರೇಡ್ ಒಲ್ಲೆ ಎನ್ನಬಹುದು. ಅಂಥ ಹಿರಿಯರ ಹೆಸರನ್ನು ಲೆಕ್ಕಕ್ಕೆ ಹಿಡಿಯುವ ಮೊದಲು ಇದನ್ನು ನೋಡಿಕೊಳ್ಳಿ.

ಪ್ರಶ್ನೆ: ಟ್ರೇಡ್ ಆಯಿತೆಂದು ಸುದ್ದಿ ಬಂದ ಮೇಲೂ ಮುರಿದು ಬೀಳುವುದು ಯಾಕೆ? (ನ್ಯೂಜೆರ್ಸಿ)

ಉತ್ತರ: ವೈದ್ಯಕೀಯ ದಾಖಲೆ ನೋಡಿ ಒಪ್ಪುವವರೆಗೆ ಟ್ರೇಡ್ ಆದಂತಲ್ಲ. 2015ರ ಜುಲೈ 29ರಂದು ಮೆಟ್ಸ್ ಮತ್ತು ಮಿಲ್ವಾಕಿ ನಡುವೆ ಕಾರ್ಲೋಸ್ ಗೋಮೆಸ್‌ಗಾಗಿ ಝ್ಯಾಕ್ ವೀಲರ್ ಮತ್ತು ವಿಲ್ಮರ್ ಫ್ಲೋರೆಸ್‌ರನ್ನು ಮೆಟ್ಸ್ ಕೊಡುತ್ತದೆ ಎಂಬ ಸುದ್ದಿ ಹಬ್ಬಿತು. ಮೈದಾನದಲ್ಲಿದ್ದ ಫ್ಲೋರೆಸ್ ಕಣ್ಣೀರು ಒರೆಸಿಕೊಳ್ಳುತ್ತಲೇ ಆಡಿದ. ಗೋಮೆಸ್‌ನ ಸೊಂಟದ ಬಗ್ಗೆ ಅನುಮಾನ ಬಂದು ಮೆಟ್ಸ್ ಹಿಂದೆ ಸರಿಯಿತು. ಎರಡು ದಿನದಲ್ಲಿ ಅವರು ಡೆಟ್ರಾಯಿಟ್‌ನಿಂದ ಯೊಯೆನಿಸ್ ಸೆಸ್ಪೆಡೆಸ್‌ನನ್ನು ತಂದರು, ಅದೇ ರಾತ್ರಿ ಫ್ಲೋರೆಸ್ 12ನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಪಂದ್ಯ ಗೆದ್ದುಕೊಟ್ಟ. ಆ ವರ್ಷ ಮೆಟ್ಸ್ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು.

ಪ್ರಶ್ನೆ: ಗಡುವು ದಾಟಿದ ಮೇಲೆ ಬಾಗಿಲು ಪೂರ್ತಿ ಮುಚ್ಚಿತೇ? ನಮಗೆ ಇಲ್ಲಿ ಅದು ಎಷ್ಟು ಗಂಟೆಗೆ? (ಬೆಂಗಳೂರು)

ಉತ್ತರ: ಈಗಿನ ಒಪ್ಪಂದದ ಪ್ರಕಾರ ಜುಲೈ 28ರಿಂದ ಆಗಸ್ಟ್ 3ರೊಳಗೆ ಕಮಿಷನರ್ ಒಂದು ದಿನ ಗೊತ್ತುಮಾಡುತ್ತಾರೆ. ಈಚಿನ ವರ್ಷಗಳಲ್ಲಿ ವೇಳೆ ನ್ಯೂಯಾರ್ಕ್‌ನ ಸಂಜೆ 6, ನಮಗೆ ಮರುದಿನ ನಸುಕಿನ 3:30. ಆಗಸ್ಟ್‌ನಲ್ಲಿ ವೇವರ್ ಮೂಲಕ ಟ್ರೇಡ್ ಮಾಡುವ ಹಳೆಯ ದಾರಿ 2019ರಲ್ಲಿ ಮುಚ್ಚಿತು. ಆದರೆ ಕ್ಲಬ್ ಒಂದು ಆಟಗಾರರನ್ನು ವೇವರ್‌ಗೆ ಹಾಕಿದರೆ ಬೇರೆಯವರು ಉಳಿದ ಸಂಬಳ ಹೊತ್ತು ಎತ್ತಿಕೊಳ್ಳಬಹುದು. 2023ರಲ್ಲಿ ಏಂಜಲ್ಸ್ ಜುಲೈನಲ್ಲಿ ಕೊಂಡ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಸ್ ಇಬ್ಬರನ್ನೂ ಆಗಸ್ಟ್ ಕೊನೆಗೆ ವೇವರ್‌ಗೆ ಹಾಕಿತು, ಕ್ಲೀವ್‌ಲ್ಯಾಂಡ್ ಎತ್ತಿಕೊಂಡಿತು. ಆಗಸ್ಟ್ 31ರೊಳಗೆ ಕ್ಲಬ್ ಸೇರಿದವನಿಗೆ ಪ್ಲೇಆಫ್ ಆಡುವ ಅರ್ಹತೆ ಉಂಟು. ಆದ್ದರಿಂದ ಜುಲೈನಲ್ಲಿ ತೂತು ಉಳಿದಿದ್ದರೆ ಆ ಕೊನೆಯ ವಾರದ ವೇವರ್ ಪಟ್ಟಿಯ ಮೇಲೆ ಒಂದು ಕಣ್ಣಿಡಿ.