ಗೆರೆಯ ಹೊರಗಿದ್ದರೂ ಲೋಟ ನಡುಗಿತೇಕೆ?

ಪ್ರಶ್ನೆ: ನನ್ನ ಮಗ ಸೂಲೂರು ವಾಯುನೆಲೆಯ ಸಮೀಪ ಸೈಟು ಕೊಳ್ಳಲಿದ್ದಾನೆ. ಜಾಗವು ವಿಮಾನದ ಸದ್ದಿನ 65 ಡೆಸಿಬೆಲ್ ಗೆರೆಯ ಹೊರಗಿದೆಯೆಂದು ದಲ್ಲಾಳಿ ಒಂದು ನಕ್ಷೆ ತೋರಿಸಿದರು. ಆದರೆ ನಾವು ಹೋದ ದಿನ ತೇಜಸ್ ಯುದ್ಧವಿಮಾನ ಮೇಲೇರಿದಾಗ ಕೈಯಲ್ಲಿದ್ದ ಕಾಫಿ ಲೋಟವೇ ನಡುಗಿತು. ನಕ್ಷೆ ಸುಳ್ಳೇ?
– ಓದುಗರೊಬ್ಬರು, ತಾಳವಾಡಿ, ಈರೋಡು ಜಿಲ್ಲೆ

ಉತ್ತರ: ಸುಳ್ಳಾಗಿರಬೇಕಿಲ್ಲ. ಇಂಥ ನಕ್ಷೆಗಳ ಗೆರೆ ಸಾಮಾನ್ಯವಾಗಿ ಇಡೀ ದಿನದ ಸರಾಸರಿಯನ್ನು ಹೇಳುತ್ತದೆಯೇ ಹೊರತು ನೀವು ಕೇಳಿದ ಆ ಅರ್ಧ ನಿಮಿಷದ ಅಬ್ಬರವನ್ನಲ್ಲ. ಒಂದು ಹಾರಾಟದ ಒಟ್ಟು ಸದ್ದನ್ನು ಒಂದೇ ಸೆಕೆಂಡಿಗೆ ಅಡಕಗೊಳಿಸಿದಾಗ 105 ಡೆಸಿಬೆಲ್ ಆಯಿತೆಂದುಕೊಳ್ಳಿ; ಹಗಲಲ್ಲಿ ದಿನಕ್ಕೊಮ್ಮೆ ಮಾತ್ರ ಹಾರಿದರೆ 24 ಗಂಟೆಗಳ ಸರಾಸರಿ ಸುಮಾರು 56ಕ್ಕೆ ಇಳಿಯುತ್ತದೆ. ಅಮೆರಿಕದ ಪದ್ಧತಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹಾರಾಟಕ್ಕೆ 10 ಡೆಸಿಬೆಲ್ ಕೂಡಿಸುವುದರಿಂದ, ಅದೇ ಹಾರಾಟ ರಾತ್ರಿಯಲ್ಲಾದರೆ 66 ಆಗುತ್ತದೆ. ಅಂದರೆ ರಾತ್ರಿಯ ಒಂದು, ಹಗಲಿನ ಹತ್ತಕ್ಕೆ ಸಮ. ಅಮೆರಿಕದಲ್ಲಿ ಈ ಸರಾಸರಿ 65 ದಾಟಿದ ಜಾಗ ಸಾಮಾನ್ಯವಾಗಿ ವಾಸಕ್ಕೆ ಹೊಂದುವುದಿಲ್ಲವೆಂದು ಎಣಿಸುತ್ತಾರೆ.

ಅಮೆರಿಕದ ವಾಯುಪಡೆಗಾಗಿ ರೂಪಿಸಿದ ನಾಯ್ಸ್‌ಮ್ಯಾಪ್‌ನಂತಹ ತಂತ್ರಾಂಶಗಳು ವಿಮಾನದ ಬಗೆ, ಎಂಜಿನ್ನಿನ ಶಕ್ತಿ, ಎತ್ತರ, ಹಾರುವ ದಾರಿ, ಹಾರಾಟಗಳ ಸಂಖ್ಯೆ ಇವನ್ನೆಲ್ಲ ಸೇರಿಸಿ ಗೆರೆ ಎಳೆಯುತ್ತವೆ. ಆ ಗೆರೆ ರನ್‌ವೇಯ ಎರಡೂ ತುದಿಗಳಾಚೆ ಬಾಳೆ ಎಲೆಯಂತೆ ಉದ್ದಕ್ಕೆ ಚಾಚಿರುತ್ತದೆ. ಯುದ್ಧವಿಮಾನ ಬದಲಾದರೆ ಎಲೆಯ ಆಕಾರವೂ ಬದಲಾಗುತ್ತದೆ. ಸೂಲೂರಿಗೆ ತೇಜಸ್ ಬಂದದ್ದೇ 2018ರಲ್ಲಿ.

ಹಾಗಾಗಿ ನಕ್ಷೆ ಯಾವ ವರ್ಷದ್ದು, ಅದನ್ನು ತಯಾರಿಸಿದವರು ಯಾರು ಎಂದು ದಲ್ಲಾಳಿಯನ್ನು ಕೇಳಿ (ಉತ್ತರ ತಡವರಿಸಿದರೆ ಮುಂಗಡ ಕೊಡಬೇಡಿ), ಸೈಟು ರನ್‌ವೇಯ ನೇರಕ್ಕಿದೆಯೇ ನೋಡಿ, ಬೇರೆಬೇರೆ ದಿನಗಳಲ್ಲಿ, ರಾತ್ರಿಯೂ ಸೇರಿದಂತೆ, ಅಲ್ಲಿ ಕೆಲಹೊತ್ತು ಕುಳಿತು ಬನ್ನಿ.