ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುವಾಗ ಸ್ಥಳೀಯ ವಂಶಾವಳಿ ಸಂಘಕ್ಕೆ ಸೇರಿ ಏನು ಪ್ರಯೋಜನ?

ನೀವು ಕೇಳಿರುವುದು ಇಷ್ಟು: ಒಂದು ವರ್ಷದಿಂದ ಮನೆತನದ ಚರಿತ್ರೆ ಹುಡುಕುತ್ತಿದ್ದೀರಿ, ಎರಡು ವೆಬ್‌ಸೈಟ್‌ಗಳಿಗೆ ಚಂದಾ ಕಟ್ಟಿದ್ದೀರಿ, ಮುತ್ತಜ್ಜನ ತಲೆಮಾರಿಗೆ ಬಂದು ನಿಂತುಬಿಟ್ಟಿದ್ದೀರಿ. ಅವರು ಬಾಳಿದ ಊರಲ್ಲಿ ಒಂದು ವಂಶಾವಳಿ ಸಂಘವಿದೆ ಎಂದು ಗೊತ್ತಾಗಿದೆ. ಅಲ್ಲಿ ಏನು ನಡೆಯುತ್ತದೆ, ಸೇರಿದರೆ ನಿಮ್ಮ ಹುಡುಕಾಟಕ್ಕೆ ಏನಾದರೂ ಸಿಗುತ್ತದೆಯೇ?

ಸೇರಿ. ನಾನು ಇಂಥ ಒಂದು ಸಂಘದಲ್ಲಿ ಒಂಬತ್ತು ವರ್ಷದಿಂದ ಕೈಲಾದ ಕೆಲಸ ಮಾಡಿಕೊಂಡು ಬಂದಿದ್ದೇನೆ. ಕಾರಣಗಳಿಗೆ ಮೊದಲು ನನಗಾದದ್ದನ್ನು ಹೇಳುತ್ತೇನೆ.

ನನ್ನ ಮುತ್ತಜ್ಜಿಗೆ ಒಬ್ಬ ತಂಗಿ ಇದ್ದಳು. ಮನೆಯವರ ಬಾಯಲ್ಲಿ ಅವಳ ಹೆಸರು ಉಳಿದಿತ್ತು, ಮಸುಕಾದ ಒಂದು ಫೋಟೋ ಇತ್ತು, ಮದುವೆಯಾದ ವರ್ಷ ಗೊತ್ತಿತ್ತು. ಅಲ್ಲಿಂದಾಚೆಗೆ ಏನೂ ಇಲ್ಲ. ಎರಡು ವರ್ಷ, ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತು, ಆ ಹೆಸರನ್ನು ಹೇಗೆಲ್ಲ ಬರೆಯಬಹುದೋ ಹಾಗೆಲ್ಲ ಬರೆದು ಹುಡುಕಿದೆ. ಸಂಘದ ತಿಂಗಳ ಸಭೆಯಲ್ಲಿ ಕೊನೆಯ ಅರ್ಧ ಗಂಟೆ ಬಿಡಿಸಲಾಗದ ಗಂಟುಗಳಿಗೆ ಮೀಸಲು. ನನ್ನ ಸರದಿ ಬಂದಾಗ ಹೆಸರು, ಇಸವಿ ಎಲ್ಲ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಸದಸ್ಯೆಯೊಬ್ಬರು ಹೆಸರಿನ ಬಗ್ಗೆ ಏನೂ ಕೇಳಲಿಲ್ಲ. “ಗಂಡನ ಮನೆ ಯಾವ ಬೀದಿಯಲ್ಲಿತ್ತು?” ಅಂದರು. ಹಳೆಯ ಲಕೋಟೆಯೊಂದರ ಮೇಲಿದ್ದ ಬೀದಿಯ ಹೆಸರು ಹೇಳಿದೆ. “ಆ ಬೀದಿ ಆಗ ಪಕ್ಕದ ಆಡಳಿತಕ್ಕೆ ಸೇರಿತ್ತು, ಗಡಿ ಬದಲಾದದ್ದು ಆಮೇಲೆ. ನೀವು ನೋಡುತ್ತಿರುವುದು ಬೇರೆ ಕಚೇರಿಯ ದಾಖಲೆ” ಅಂದರು.

ಮುಂದಿನ ವಾರ ಸಂಘದ ಕೋಣೆಯಲ್ಲಿ, ಆ ಕಡೆಯ ಸ್ಮಶಾನದ ರಿಜಿಸ್ಟರಿನ ನಕಲನ್ನು ಅವರೇ ಕಪಾಟಿನಿಂದ ತೆಗೆದುಕೊಟ್ಟರು. ಎರಡು ಗಂಟೆಯೊಳಗೆ ಸಿಕ್ಕಳು. ಬರೆದವರ ಕೈಯಲ್ಲಿ ಹೆಸರಿನ ಮೊದಲ ಅಕ್ಷರವೇ ಬೇರೆಯಾಗಿತ್ತು. ಕೊನೆಯ ಕಾಲಮ್ಮಿನಲ್ಲಿ, ಸಾವನ್ನು ಬರೆಸಿದವರು ಯಾರು ಎಂಬಲ್ಲಿ, ನನ್ನ ಮುತ್ತಜ್ಜಿಯ ಹೆಸರಿತ್ತು. ಅಕ್ಕನೇ ಹೋಗಿ ಬರೆಸಿದ್ದಳು. ರಿಜಿಸ್ಟರ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತುಕೊಂಡೆ.

ವೆಬ್‌ಸೈಟಿನಲ್ಲಿ ನಾವು ಹುಡುಕುವುದು ದಾಖಲೆಯನ್ನಲ್ಲ, ದಾಖಲೆಗೆ ಯಾರೋ ಮಾಡಿಟ್ಟ ಸೂಚಿಯನ್ನು. ಸೂಚಿ ಮಾಡಿದವರು ಒಂದಕ್ಷರ ತಪ್ಪಾಗಿ ಓದಿದ್ದರೆ ನಿಮ್ಮ ಮುತ್ತಜ್ಜ ಅಲ್ಲಿ ಇದ್ದೂ ಇಲ್ಲ. ಒಂದೇ ಥರ ಕೇಳಿಸುವ ಹೆಸರುಗಳನ್ನು ಒಟ್ಟಿಗೆ ತರಲು ಸೌಂಡೆಕ್ಸ್ ಎಂಬ ಸಂಕೇತ ಪದ್ಧತಿಯಿದೆ. 1918ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು, ಅಲ್ಲಿನ ಹಳೆಯ ಜನಗಣತಿಗಳ ಸೂಚಿಗೂ ಅದನ್ನು ಬಳಸಿದರು. ಅದು ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು ಉಳಿದದ್ದನ್ನು ಮೂರು ಅಂಕಿಗೆ ಇಳಿಸುತ್ತದೆ. ಮೊದಲ ಅಕ್ಷರವೇ ತಪ್ಪಿದ್ದರೆ ಅದೂ ಕೈಕೊಡುತ್ತದೆ. ನನಗೆ ಆದದ್ದು ಅದೇ. ಊರನ್ನು ಬಲ್ಲವರು ಹೆಸರಿನ ಹಿಂದೆ ಬೀಳುವುದಿಲ್ಲ. ಮನೆ ಎಲ್ಲಿತ್ತು, ಆ ಮನೆ ಯಾವ ಕಚೇರಿಗೆ ಸೇರಿತ್ತು, ಆ ಕಚೇರಿಯ ಕಾಗದ ಈಗ ಯಾರ ಬಳಿ ಇದೆ ಎಂದು ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ಸ್ಥಳೀಯ ಸಂಘದ ನಿಜವಾದ ಆಸ್ತಿ ಈ ತಿಳಿವಳಿಕೆ.

ಇಂಥ ಸಂಘಗಳು ಹೊಸವೇನಲ್ಲ. ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಹುಟ್ಟಿದ್ದು 1845ರಲ್ಲಿ, ಲಂಡನ್ನಿನ ಸೊಸೈಟಿ ಆಫ್ ಜೀನಿಯಲಾಜಿಸ್ಟ್ಸ್ 1911ರಲ್ಲಿ. ಅವು ದೊಡ್ಡವು. ನಿಮಗೆ ಬೇಕಾದದ್ದು ಒಂದು ಜಿಲ್ಲೆಗೋ ಒಂದು ಊರಿಗೋ ಸೀಮಿತವಾದ, ನಾಲ್ಕು ಕಪಾಟು, ಎರಡು ಕಂಪ್ಯೂಟರ್, ಹತ್ತು ಹನ್ನೆರಡು ಜನ ದುಡಿಯುವವರು ಇರುವ ಚಿಕ್ಕ ಸಂಘ.

ತಿಂಗಳಿಗೊಂದು ಸಭೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಬ್ಬರು ಬಂದು ಯಾವುದೋ ಒಂದು ಬಗೆಯ ದಾಖಲೆಯನ್ನು ಬಿಡಿಸಿ ಹೇಳುತ್ತಾರೆ: ಉಯಿಲು, ಆಸ್ತಿ ಪತ್ರ, ಹಡಗಿನ ಪ್ರಯಾಣಿಕರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ. ಹೊಸಬರಿಗೆ ಬೇರೆ ತರಗತಿ ನಡೆಸುವ ಸಂಘಗಳೂ ಉಂಟು. ಆ ತರಗತಿಯನ್ನು ತಪ್ಪಿಸಿಕೊಳ್ಳಬೇಡಿ. ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಚರ್ಚ್ ರಿಜಿಸ್ಟರೊಂದರಲ್ಲಿ ಏಪ್ರಿಲ್ 1720ರಲ್ಲಿ ಮದುವೆ, ಫೆಬ್ರವರಿ 1720ರಲ್ಲಿ ಮೊದಲ ಮಗುವಿನ ನಾಮಕರಣ ಎಂದು ಕಂಡರೆ ಏನೆಂದುಕೊಳ್ಳುತ್ತೀರಿ? ಮಗು ಮದುವೆಗೆ ಮೊದಲೇ ಹುಟ್ಟಿತು ಎಂದೇ ಅಲ್ಲವೇ. ಆದರೆ 1752ಕ್ಕೆ ಮೊದಲು ಅಲ್ಲಿ ಕಾನೂನಿನ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಆ ಫೆಬ್ರವರಿ ಬರುವುದು ಏಪ್ರಿಲ್ ಆದ ಮೇಲೆ, ಮಗು ಹುಟ್ಟಿದ್ದು ಮದುವೆಯಾಗಿ ಹತ್ತು ತಿಂಗಳಿಗೆ. ಇದು ಗೊತ್ತಿಲ್ಲದೆ ಒಂದು ಸಂಸಾರದ ಮೇಲೆ ಇಲ್ಲದ ಕಥೆ ಕಟ್ಟಿಬಿಟ್ಟವರನ್ನು ನಾನು ನೋಡಿದ್ದೇನೆ. ಸತ್ತವರು ಎದ್ದು ಬಂದು ತಿದ್ದಲಾರರು, ಅದಕ್ಕೇ ನಾವು ಎಚ್ಚರವಾಗಿರಬೇಕು.

ಇನ್ನು ಸಂಘದ ಕೋಣೆ. ಅಲ್ಲಿ ಮೊದಲು ಪುಸ್ತಕಗಳ ಕಡೆ ಹೋಗಬೇಡಿ, ಫೈಲುಗಳ ಕಡೆ ಹೋಗಿ. ಬಹಳ ಸಂಘಗಳಲ್ಲಿ ಮನೆತನದ ಹೆಸರಿಗೊಂದರಂತೆ ಫೈಲು ಇಟ್ಟಿರುತ್ತಾರೆ. ಯಾರೋ ಕತ್ತರಿಸಿಟ್ಟ ಪತ್ರಿಕೆಯ ಶ್ರದ್ಧಾಂಜಲಿ, ಮದುವೆಯ ಕರೆಯೋಲೆ, ಐವತ್ತು ವರ್ಷದ ಹಿಂದೆ ಇನ್ನೊಬ್ಬ ವಂಶಸ್ಥರು ಸಂಘಕ್ಕೆ ಬರೆದ ಕಾಗದ, ಕೈಯಲ್ಲಿ ಬರೆದ ವಂಶವೃಕ್ಷ. ಇದರಲ್ಲಿ ಬಹುಪಾಲನ್ನು ಯಾರೂ ಸ್ಕ್ಯಾನ್ ಮಾಡಿಲ್ಲ. ಅಂಗಡಿ ಮುಚ್ಚಿದಾಗ, ಮನೆ ಮಾರಿದಾಗ, ಹಿರಿಯರು ತೀರಿಕೊಂಡಾಗ ರದ್ದಿಗೆ ಹೋಗಬೇಕಿದ್ದ ಕಾಗದ ಕೊನೆಗೆ ಬಂದು ಸೇರುವುದು ಇಂಥ ಕೋಣೆಗೆ. ಸದಸ್ಯರು ಯಾವ ಯಾವ ಮನೆತನವನ್ನು ಹುಡುಕುತ್ತಿದ್ದಾರೆ ಎಂಬ ಪಟ್ಟಿಯೂ ಇರುತ್ತದೆ. ನಿಮ್ಮ ಹೆಸರನ್ನು ಅದರಲ್ಲಿ ಬರೆಸಿ. ನಿಮಗೆ ಗೊತ್ತೇ ಇಲ್ಲದ ಸೋದರ ಸಂಬಂಧಿಯೊಬ್ಬರು ಆ ಪಟ್ಟಿಯ ಮೂಲಕ ಸಿಗಬಹುದು, ಅವರ ಅಟ್ಟದಲ್ಲಿ ನಿಮ್ಮ ಮುತ್ತಜ್ಜನ ಫೋಟೋ ಇರಬಹುದು.

ಕಂಪ್ಯೂಟರಿನಲ್ಲೇ ಹುಡುಕುವವರಿಗೂ ಆ ಕೋಣೆಯಿಂದ ಒಂದು ಲಾಭವಿದೆ. 1894ರಲ್ಲಿ ಶುರುವಾದ, ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ 1938ರಿಂದ ಪ್ರಪಂಚದ ನಾನಾ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿತು. ಹರಿದ್ವಾರದ ಪಂಡಾಗಳು, ಅಂದರೆ ಅಲ್ಲಿನ ತೀರ್ಥಪುರೋಹಿತರು, ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳೂ ಅದರಲ್ಲಿವೆ. ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು, ಈಗ ಆ ಸಂಘದ ವೆಬ್‌ಸೈಟಾದ ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿ ನೋಡಬಹುದು. ಆದರೆ ಮೂಲ ದಾಖಲೆಯ ಒಡೆಯರು ಹಾಕಿದ ಷರತ್ತಿನಿಂದಾಗಿ ಕೆಲವು ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ. ಅವುಗಳಲ್ಲಿ ಎಷ್ಟೋ ಚಿತ್ರಗಳು ಫ್ಯಾಮಿಲಿಸರ್ಚ್ ಕೇಂದ್ರದಲ್ಲೋ ಅದರ ಜೊತೆ ಒಪ್ಪಂದವಿರುವ ಗ್ರಂಥಾಲಯದಲ್ಲೋ ತೆರೆಯುತ್ತವೆ. ನಿಮ್ಮ ಸಂಘದ ಗ್ರಂಥಾಲಯ ಅಂಥದ್ದೇ ಎಂದು ಕೇಳಿ. ಹಣ ಕಟ್ಟಿ ನೋಡಬೇಕಾದ ತಾಣಗಳ ಗ್ರಂಥಾಲಯ ಆವೃತ್ತಿಯೂ ಅಲ್ಲಿದ್ದರೆ ಒಂದು ಚಂದಾ ಉಳಿಯಿತು.

“ಆ ದಾಖಲೆ ಸುಟ್ಟುಹೋಗಿದೆ” ಎಂಬ ಮಾತು ನಿಮಗೂ ಎದುರಾಗುತ್ತದೆ. ಅಮೆರಿಕದ 1890ರ ಜನಗಣತಿಯ ಹಾಳೆಗಳಲ್ಲಿ ಹೆಚ್ಚಿನವು 1921ರ ಜನವರಿಯ ಬೆಂಕಿಯಲ್ಲಿ ಹಾಳಾದವು. ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ 1922ರಲ್ಲಿ ಉರಿದುಹೋಯಿತು. ಇಂಥ ಕಡೆಯೇ ಸ್ಥಳೀಯರ ಬೆಲೆ ಗೊತ್ತಾಗುವುದು. ಅಮೆರಿಕದ ಆ ವರ್ಷಗಳಿಗೆ ನಗರದ ಡೈರೆಕ್ಟರಿ, ತೆರಿಗೆ ಪಟ್ಟಿಗಳನ್ನು ಜೋಡಿಸಿ ಬದಲಿ ಪಟ್ಟಿ ಮಾಡಿಟ್ಟವರಿದ್ದಾರೆ. ಐರ್ಲೆಂಡಿನಲ್ಲಿ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಭೂ ಮೌಲ್ಯಮಾಪನವನ್ನು ಕಳೆದುಹೋದ ಜನಗಣತಿಗಳ ಜಾಗದಲ್ಲಿ ಬಳಸುತ್ತಾರೆ. ಕಚೇರಿ ಸುಟ್ಟಿದ್ದರೂ ಅದರ ನಕಲು ಮೇಲಿನ ಕಚೇರಿಗೆ ಹೋಗಿರಬಹುದು, ವಕೀಲರೊಬ್ಬರ ಕಟ್ಟಿನಲ್ಲಿ ಉಳಿದಿರಬಹುದು. ಅದು ಯಾರ ಬಳಿಯಿದೆ ಎಂದು ಹೇಳಬಲ್ಲವರು ಆ ಸಭೆಯಲ್ಲಿ ಕೂತಿರುತ್ತಾರೆ.

ಪಡೆಯುವ ಮಾತಾಯಿತು. ಕೊಡುವುದೂ ಇದೆ, ಮತ್ತು ನಾನು ಕಲಿತದ್ದರಲ್ಲಿ ಹೆಚ್ಚಿನದು ಕೊಡುವಾಗಲೇ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ, ಮದುವೆ, ಮರಣಗಳ ಸೂಚಿಯನ್ನು 1837ರಿಂದ ಮುಂದಕ್ಕೆ ಉಚಿತವಾಗಿ ತೆರೆದಿಟ್ಟ ಫ್ರೀಬಿಎಂಡಿ ಎಂಬ ವೆಬ್‌ಸೈಟ್ 1998ರಿಂದ ನಡೆಯುತ್ತಿರುವುದು ಸ್ವಯಂಸೇವಕರ ಕೈಯಿಂದ. ಚಿಕ್ಕ ಸಂಘಗಳಲ್ಲೂ ಇದೇ ಕೆಲಸ ನಡೆಯುತ್ತದೆ: ಹಳೆಯ ರಿಜಿಸ್ಟರನ್ನು ಓದಿ ಟೈಪ್ ಮಾಡುವುದು. ನಿಯಮ ಒಂದೇ, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಕಾಗುಣಿತ ತಪ್ಪಿದೆ ಎನಿಸಿದರೂ ತಿದ್ದಬಾರದು. ಒಂದು ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಓದಿ, ವ್ಯತ್ಯಾಸ ಬಂದಲ್ಲಿ ಮೂರನೆಯವರು ನೋಡುವ ಪದ್ಧತಿಯನ್ನು ನಾನು ತುಂಬ ಮೆಚ್ಚುತ್ತೇನೆ. ಒಬ್ಬ ಗುಮಾಸ್ತನ ಕೈಬರಹವನ್ನು ಇನ್ನೂರು ಪುಟ ಓದಿದ ಮೇಲೆ ಅವನ ಯಾವ ಅಕ್ಷರ ಯಾವುದರ ಥರ ಕಾಣುತ್ತದೆ ಎಂಬುದು ಕಣ್ಣಿಗೆ ಕೂತುಬಿಡುತ್ತದೆ.

ಸಮಾಧಿ ಕಲ್ಲುಗಳನ್ನು ಓದಿ ದಾಖಲಿಸುವ ದಿನಗಳಿಗೂ ಹೋಗಿ. ಕಲ್ಲಿಗೆ ಸೀಮೆಸುಣ್ಣ ಬಳಿಯಬೇಡಿ, ಶೇವಿಂಗ್ ಕ್ರೀಮ್ ಹಚ್ಚಬೇಡಿ, ತಂತಿಯ ಬ್ರಷ್ಷಂತೂ ಮುಟ್ಟಿಸಲೇಬೇಡಿ. ಅಕ್ಷರ ಆ ಕ್ಷಣ ಕಾಣಿಸುತ್ತದೆ, ಕಲ್ಲು ಮಾತ್ರ ಸವೆಯುತ್ತದೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ನೆರಳಿನಲ್ಲಿರುವ ಕಲ್ಲಿಗೆ ದೊಡ್ಡ ಕನ್ನಡಿಯಿಂದ ಪಕ್ಕದಿಂದ ಬೆಳಕು ಹಾಯಿಸಿದರೆ, ಏನೂ ಇಲ್ಲವೆಂದುಕೊಂಡ ಜಾಗದಲ್ಲಿ ಹೆಸರು ಏಳುತ್ತದೆ. ಮೊದಲ ಸಲ ಹಾಗೆ ಎದ್ದ ಹೆಸರು ಎರಡು ವರ್ಷದ ಮಗುವಿನದು, ನನಗೆ ಇಂದಿಗೂ ನೆನಪಿದೆ. ಅಕ್ಕಪಕ್ಕದ ಕಲ್ಲುಗಳನ್ನೂ ಬಿಡಬೇಡಿ. ಪಕ್ಕದಲ್ಲಿ ಮಲಗಿದವರು ಅನೇಕ ಸಲ ಹೆಣ್ಣುಮಕ್ಕಳ ತವರಿನವರು.

ಬೇರೆಯವರು ಹಾಕಿದ ವಂಶವೃಕ್ಷಗಳನ್ನು ಕಣ್ಣುಮುಚ್ಚಿ ನಕಲು ಮಾಡುವ ಅಭ್ಯಾಸ ನಿಮಗಿದ್ದರೆ ಸಂಘದವರು ಅದನ್ನು ಬಿಡಿಸುತ್ತಾರೆ. ಈ ವಿದ್ಯೆಯಲ್ಲಿ ಒಪ್ಪಿತವಾದ ಒಂದು ಅಳತೆಗೋಲಿದೆ: ಸಾಧ್ಯವಿರುವಷ್ಟೂ ಹುಡುಕಿರಬೇಕು, ಪ್ರತಿ ಮಾತಿಗೂ ಆಕರ ಬರೆದಿರಬೇಕು, ಸಾಕ್ಷ್ಯಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿರಬೇಕು, ಒಂದಕ್ಕೊಂದು ತಾಳೆಯಾಗದ್ದನ್ನು ಬಗೆಹರಿಸಿರಬೇಕು, ಕೊನೆಗೆ ತೀರ್ಮಾನವನ್ನು ಬರಹದಲ್ಲಿ ಇಟ್ಟಿರಬೇಕು. ಕಷ್ಟ ಅನಿಸಬಹುದು. ಆದರೆ ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಇದ್ದಾಗ ಬೇರೆ ದಾರಿಯೇ ಇಲ್ಲ.

ಡಿಎನ್‌ಎ ಪರೀಕ್ಷೆಯ ಬಗ್ಗೆ ಸಂಘದಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಅದು ಕಾಗದಕ್ಕೆ ಜೊತೆಯಾಗಬಲ್ಲದು, ಕಾಗದದ ಬದಲಿಗೆ ನಿಲ್ಲಲಾರದು. ಮೂರು ತಲೆಮಾರಿನ ಹಿಂದಿನ ಒಂದೇ ದಂಪತಿಯಿಂದ ಬಂದ ಸೋದರ ಸಂಬಂಧಿಗಳಲ್ಲಿ ಹೋಲಿಕೆ ಬಹುತೇಕ ಕಾಣಿಸುತ್ತದೆ, ಇನ್ನೂ ಎರಡು ತಲೆಮಾರು ಹಿಂದೆ ಹೋದರೆ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಏನೂ ಕಾಣಿಸುವುದಿಲ್ಲ. ಮನೆಯವರಿಗೆ ಪರೀಕ್ಷೆ ಮಾಡಿಸುವ ಮೊದಲು, ಬಚ್ಚಿಟ್ಟ ಸಂಗತಿಯೊಂದು ಹೊರಬಂದರೆ ತಡೆದುಕೊಳ್ಳುತ್ತೀರಾ ಎಂದು ಕೇಳಿ ಒಪ್ಪಿಗೆ ಪಡೆಯಿರಿ. ಬದುಕಿರುವವರ ವಿವರವನ್ನು ಎಲ್ಲಿಯೂ ಬಹಿರಂಗವಾಗಿ ಹಾಕಬೇಡಿ.

ಸಂಘ ನಿಮ್ಮಿಂದ ದೂರವಿದ್ದರೂ ಸದಸ್ಯರಾಗಬಹುದು. ಪತ್ರ ಬರೆದು ಕೇಳಿದರೆ ತಮ್ಮಲ್ಲಿರುವ ದಾಖಲೆ ನೋಡಿ ಹೇಳುವ ಸ್ವಯಂಸೇವಕರು ಬಹಳ ಕಡೆ ಇದ್ದಾರೆ. ಸಂಘದ ನಿಯತಕಾಲಿಕದಲ್ಲಿ ನಿಮ್ಮ ಪ್ರಶ್ನೆಯನ್ನು ಅಚ್ಚು ಹಾಕಿಸಬಹುದು. ಹಳೆಯ ಸಂಚಿಕೆಗಳಲ್ಲಿ ಏನೇನಿದೆ ಎಂದು ತಿಳಿಯಲು ಅಮೆರಿಕದ ಫೋರ್ಟ್ ವೇನ್‌ನ ಆಲೆನ್ ಕೌಂಟಿ ಸಾರ್ವಜನಿಕ ಗ್ರಂಥಾಲಯ ಮಾಡಿದ ಪರ್ಸಿ ಎಂಬ ಲೇಖನ ಸೂಚಿ ಇದೆ. ಚಿಕ್ಕ ಸಂಘಗಳ ಪತ್ರಿಕೆಗಳೂ ಅದರಲ್ಲಿ ಸೇರಿವೆ.

ಹೋಗುವಾಗ ಇಡೀ ವಂಶವೃಕ್ಷವನ್ನು ಹೊತ್ತುಕೊಂಡು ಹೋಗಬೇಡಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಸಾಲಿನಲ್ಲೇ 1024 ಸ್ಥಾನಗಳಿರುತ್ತವೆ, ಅಷ್ಟು ಜನರ ಬಗ್ಗೆ ಯಾರೂ ಒಟ್ಟಿಗೆ ಸಹಾಯ ಮಾಡಲಾರರು. ಒಬ್ಬರನ್ನು ಆರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಅವರ ಹೆಸರು, ಅದನ್ನು ಬರೆದಿರುವ ಬೇರೆ ಬೇರೆ ರೀತಿಗಳು, ಸರಿಸುಮಾರು ಇಸವಿಗಳು, ವಾಸವಿದ್ದ ಬೀದಿ ಅಥವಾ ಹೊಲ, ಮದುವೆಗೆ ಸಾಕ್ಷಿಯಾದವರು, ನೆರೆಹೊರೆಯವರು, ಮತ್ತು ಈವರೆಗೆ ಎಲ್ಲೆಲ್ಲಿ ನೋಡಿ ಏನೂ ಸಿಗಲಿಲ್ಲ ಎಂಬುದನ್ನು ಬರೆಯಿರಿ. ಸಿಗದ ಕಡೆಗಳ ಪಟ್ಟಿಯೇ ಅವರಿಗೆ ಹೆಚ್ಚು ಉಪಯೋಗ. ಫೋಟೋಗಳಿದ್ದರೆ ಮೂಲವನ್ನು ಮನೆಯಲ್ಲಿಟ್ಟು ನಕಲು ಒಯ್ಯಿರಿ, ಯಾವ ಕಾರಣಕ್ಕೂ ಲ್ಯಾಮಿನೇಟ್ ಮಾಡಿಸಬೇಡಿ.

ನಿಮ್ಮ ಮುತ್ತಜ್ಜನ ಬಗ್ಗೆ ಅಂಥದ್ದೊಂದು ಹಾಳೆ ತಯಾರಾದ ಮೇಲೆ, ಮನೆಯವರ ಖಾಸಗಿ ವಿವರ ಬಿಟ್ಟು, ಇಲ್ಲಿಯೇ ಹಾಕಿ. ಸಂಘದವರಿಗೆ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು ಎಂಬುದನ್ನು ಒಟ್ಟಿಗೆ ಕೂತು ಬರೆಯೋಣ.