ಟಪಾಲು ಪೆಟ್ಟಿಗೆಯೊಳಗೆ ಮಳೆನೀರು: ಸೋರುವುದು ಮುಚ್ಚಳದಿಂದಲೇ ಎಂದು ನಂಬಬೇಡಿ

ಪ್ರಶ್ನೆ: ನಾನು ಬಾಡಿಗೆಗಿರುವ ಮನೆಯ ಕಾಂಪೌಂಡ್ ಗೋಡೆಗೆ ತಗಡಿನ ಟಪಾಲು ಪೆಟ್ಟಿಗೆಯೊಂದನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಮಳೆ ಬಂದಾಗಲೆಲ್ಲ ಒಳಗಿನ ಪತ್ರಗಳು ತೊಯ್ದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಚ್ಚಳದ ಅಂಚಿಗೆ ಎರಡು ಸಲ ಸಿಲಿಕೋನ್ ಹಚ್ಚಿದರೂ ಸೋರುವುದು ನಿಂತಿಲ್ಲ. ಹಚ್ಚಿದ ಕಡೆಯೇ ಈಗ ತುಕ್ಕು ಕಾಣಿಸಿಕೊಂಡಿದೆ. ಮಾಲೀಕರು ‘ಅಷ್ಟು ಸಣ್ಣ ಕೆಲಸ, ನೀವೇ ಮಾಡಿಕೊಳ್ಳಿ’ ಎನ್ನುತ್ತಾರೆ. ನಾನು ಎಷ್ಟರಮಟ್ಟಿಗೆ ಕೈ ಹಾಕಬಹುದು?

ಉತ್ತರ: ಎರಡು ಸಲ ಹಚ್ಚಿಯೂ ಸೋರುತ್ತಿದೆ ಎಂದರೆ ನೀರು ಬಹುಶಃ ಮುಚ್ಚಳದಿಂದ ಬರುತ್ತಿಲ್ಲ. ಗೋಡೆಗೆ ಜಡಿದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಯಾರ ಗಮನಕ್ಕೂ ಬಾರದ ದಾರಿ ಹಿಂಬದಿಯದು. ಮಳೆನೀರು ಗೋಡೆಯ ಮೇಲೆ ಇಳಿದು ಬಂದು, ಗೋಡೆಗೂ ತಗಡಿಗೂ ನಡುವಿನ ಸಂದಿಗೆ ನುಗ್ಗಿ, ಸ್ಕ್ರೂ ಹಾಕಿದ ತೂತುಗಳ ಮೂಲಕ ಒಳಗೆ ಒಸರುತ್ತದೆ. ಮುಂದಿನಿಂದ ನೋಡುವವರಿಗೆ ಇದು ಕಾಣುವುದಿಲ್ಲವಾದ್ದರಿಂದ ದೂರು ಮುಚ್ಚಳದ ಮೇಲೆ ಬೀಳುತ್ತದೆ.

ಊಹೆ ಬಿಟ್ಟು ಪರೀಕ್ಷೆ ಮಾಡಿ. ಮಳೆಯಿಲ್ಲದ ದಿನ ಪೆಟ್ಟಿಗೆಯ ಒಳಗನ್ನು ಚೆನ್ನಾಗಿ ಒರೆಸಿ, ತಳಕ್ಕೂ ಹಿಂಬದಿಯ ತಗಡಿಗೂ ಒಣ ಪತ್ರಿಕೆಯ ಹಾಳೆಯನ್ನು ಅಂಟುಪಟ್ಟಿಯಿಂದ ಅಂಟಿಸಿ, ಬಾಗಿಲು ಮುಚ್ಚಿ. ಆಮೇಲೆ ಚೊಂಬಿನಿಂದ ಸಣ್ಣ ಧಾರೆಯಾಗಿ ನೀರು ಸುರಿಯಿರಿ. ಆದರೆ ಕೆಳಗಿನಿಂದ ಮೇಲಕ್ಕೆ ಹೋಗಿ, ಒಂದು ಸಲಕ್ಕೆ ಒಂದೇ ಜಾಗಕ್ಕೆ. ಮೊದಲು ಬಾಗಿಲಿನ ಕೆಳ ಅಂಚು, ನಂತರ ಪತ್ರ ಹಾಕುವ ಸೀಳು, ನಂತರ ಮುಚ್ಚಳದ ಕೀಲು, ಕೊನೆಯಲ್ಲಿ ಪೆಟ್ಟಿಗೆಗಿಂತ ಒಂದು ಗೇಣು ಮೇಲಿನ ಗೋಡೆ. ಪ್ರತಿ ಸಲವೂ ಎರಡು ಮೂರು ನಿಮಿಷ ಕಾದು, ತೆರೆದು ಹಾಳೆಯನ್ನು ನೋಡಿ. ಮೇಲಿನಿಂದ ಶುರು ಮಾಡಿದರೆ ಹರಿದಿಳಿಯುವ ನೀರು ಎಲ್ಲ ಜಾಗಗಳನ್ನೂ ಒಟ್ಟಿಗೆ ತೋಯಿಸಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಹಿಂಬದಿಯ ಹಾಳೆಯಲ್ಲಿ ಸ್ಕ್ರೂ ತಲೆಯ ಸುತ್ತ ದುಂಡಗಿನ ಒದ್ದೆ ಕಲೆ ಮೂಡಿ, ಅಲ್ಲಿಂದ ಕೆಳಕ್ಕೆ ಬಾಲದಂತೆ ಇಳಿದಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ಆಗ ಸ್ಕ್ರೂಗಳನ್ನು ಬಿಚ್ಚಿ, ಪ್ರತಿಯೊಂದಕ್ಕೂ ರಬ್ಬರ್ ವಾಷರ್ ಸೇರಿಸಿ ಮತ್ತೆ ಬಿಗಿ ಮಾಡಬೇಕು. ತುಕ್ಕು ಹಿಡಿದ ಸ್ಕ್ರೂಗಳಿದ್ದರೆ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿ. ಪೆಟ್ಟಿಗೆ ಗೋಡೆಗೆ ತಾಗುವ ಮೇಲಂಚಿಗೂ ಎರಡು ಪಕ್ಕದ ಅಂಚುಗಳಿಗೂ ಸೀಲೆಂಟ್ (ಸಂದಿ ಮುಚ್ಚುವ ಸಿಲಿಕೋನ್‌ನಂಥ ಅಂಟು) ಎಳೆಯಿರಿ, ಕೆಳಗಿನ ಅಂಚನ್ನು ಮಾತ್ರ ಹಾಗೆಯೇ ಬಿಡಿ. ಹೇಗೋ ಹಿಂದೆ ಸೇರಿಕೊಂಡ ನೀರು ಹೊರಬೀಳಲು ಅದೊಂದೇ ದಾರಿ. ನಾಲ್ಕೂ ಕಡೆ ಮುಚ್ಚಿದರೆ ನೀರು ಅಲ್ಲೇ ನಿಂತು ತಗಡನ್ನು ತಿನ್ನುತ್ತದೆ.

ಇನ್ನು ತುಕ್ಕಿನ ವಿಷಯ. ನೀವು ಹಚ್ಚಿದ ಸಿಲಿಕೋನ್ ವಿನೆಗರ್‌ನಂಥ ಹುಳಿ ವಾಸನೆ ಬೀರುತ್ತಿತ್ತೇ, ನೆನಪಿಸಿಕೊಳ್ಳಿ. ಆ ಬಗೆಯದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಗಾಜಿಗೆ ಅದು ಒಳ್ಳೆಯದೇ, ಆದರೆ ಬರಿಯ ಕಬ್ಬಿಣ ಮತ್ತು ಸತುವಿನ ಲೇಪವಿರುವ ತಗಡಿಗೆ ಹಾನಿಕರ. ಕೊಳವೆಯ ಮೇಲೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರುವುದನ್ನೇ ಕೊಳ್ಳಿ. ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ನಿಮ್ಮ ಎರಡನೆಯ ಪ್ರಯತ್ನ ವ್ಯರ್ಥವಾದದ್ದು ಸಹಜವೇ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ತುಕ್ಕನ್ನು ಉಜ್ಜುಕಾಗದದಿಂದ ಹೊಳಪು ಬರುವತನಕ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದು, ಅದು ಒಣಗಿದ ಮೇಲೆ ಸೀಲೆಂಟ್ ಹಚ್ಚಿ. ಸಾಮಾನ್ಯ ಸಿಲಿಕೋನ್ ಮೇಲೆ ಬಣ್ಣ ನಿಲ್ಲದ ಕಾರಣ ಈ ಕ್ರಮವನ್ನು ತಿರುಗುಮುರುಗು ಮಾಡುವಂತಿಲ್ಲ. ಬಳಿಕ 24 ಗಂಟೆಯಾದರೂ ನೀರು ತಾಗದಂತೆ ನೋಡಿಕೊಳ್ಳಿ.

ಪರೀಕ್ಷೆಯಲ್ಲಿ ಸೀಳಿನಿಂದಲೇ ನೀರು ಬಂದರೆ ಸಮಸ್ಯೆ ಎರಚಲಿನದು. ರೆಕ್ಕೆಯಂಥ ಮುಚ್ಚುಪಟ್ಟಿಯ ಒಳ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಬಹುದು. ಮೆತ್ತನೆಯ ಸ್ಪಂಜಿನ ಪಟ್ಟಿ ಮಾತ್ರ ಬೇಡ, ಅದು ನೀರನ್ನು ಹೀರಿ ಒಳಗೇ ತೊಟ್ಟಿಕ್ಕಿಸುತ್ತದೆ. ಏನೇ ಮಾಡಿದರೂ ಬಿರುಗಾಳಿಯ ಮಳೆಗೆ ಸ್ವಲ್ಪ ನೀರು ಒಳಬರುವುದುಂಟು. ಅದಕ್ಕಾಗಿ ತಳದ ಮುಂದಿನ ಮೂಲೆಗಳಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ಎರಡು ತೂತುಗಳಿದ್ದು, ಪತ್ರಗಳು ತಳಕ್ಕೆ ತಾಗದಂತೆ ಒಂದು ಜಾಲರಿ ತಟ್ಟೆಯಿದ್ದರೆ ಸಾಕು. ತೂತು ಕೊರೆದ ಅಂಚಿಗೂ ಬಣ್ಣ ಮುಟ್ಟಿಸಲು ಮರೆಯಬೇಡಿ.

ಎಷ್ಟರಮಟ್ಟಿಗೆ ಕೈ ಹಾಕಬಹುದು ಎಂದು ಕೇಳಿದ್ದೀರಿ. ಪೆಟ್ಟಿಗೆ ಮನೆಯ ಜೊತೆಗೆ ಬಂದದ್ದು, ಹಾಗಾಗಿ ಅದು ಮಾಲೀಕರ ಸ್ವತ್ತು. ರಿಪೇರಿಯ ಹೊಣೆ ಯಾರದೆಂದು ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ಮೊದಲು ಅದನ್ನು ಓದಿ. ಹಾಳೆ, ತಟ್ಟೆ, ರಬ್ಬರ್ ಪಟ್ಟಿ ಇವೆಲ್ಲ ಬೇಡವೆನಿಸಿದಾಗ ತೆಗೆಯಬಹುದಾದವು, ಅವುಗಳಿಗೆ ಅನುಮತಿ ಕೇಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಆದರೆ ತಗಡು ಕೊರೆಯುವುದು, ಬಣ್ಣ ಬದಲಿಸುವುದು, ಪೆಟ್ಟಿಗೆಯನ್ನು ಬೇರೆ ಜಾಗಕ್ಕೆ ಕೂರಿಸುವುದು ಇವಕ್ಕೆ ಬಾಯಿಮಾತಿನ ‘ನೀವೇ ಮಾಡಿಕೊಳ್ಳಿ’ ಸಾಲದು; ಮನೆ ಬಿಡುವಾಗ ಅದೇ ಮಾತು ಮುಂಗಡದ ಹಣದ ತಕರಾರಾಗಿ ತಿರುಗಬಹುದು. ಸ್ಕ್ರೂ ಸುತ್ತ ಕಲೆ ಮೂಡಿದ ಆ ಹಾಳೆಯ ಫೋಟೊ ತೆಗೆದು, ಮಾಡಲಿರುವ ಕೆಲಸವನ್ನೂ ತಗಲುವ ಖರ್ಚನ್ನೂ ಎರಡು ಸಾಲಿನಲ್ಲಿ ಬರೆದು ಅವರಿಗೆ ಕಳುಹಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆದುಕೊಂಡ ಮೇಲೆ ಸ್ಕ್ರೂ ಬಿಚ್ಚಿ.